ಕರ್ಣನಾಗೋಕೆ ಎಷ್ಟಾಗುತ್ತೆ?

ನಮ್ಮ ಯಲಹಂಕದಲ್ಲಿ ಕರ್ಣನಾಗೋಕೆ 35 ಸಾವಿರ ರೂಪಾಯಿ. ದುರ್ಯೋಧನನಾಗೋಕೆ ಅದರ ಎರಡರಷ್ಟು. ಕೃಷ್ಣನ ರೇಟೂ ಜಾಸ್ತೀನೇ, ಆದ್ರೆ ಕೃಷ್ಣನನ್ನ ಇಬ್ಬರು ಹಂಚ್ಕೋಬಹುದು. ಮಧ್ಯಾಹ್ನದ ಊಟದವರೆಗೆ ಒಬ್ಬ, ಊಟ ಆದ್ಮೇಲೆ ಇನ್ನೊಬ್ಬ. ಭೀಮನಿಗೆ ಮೈಕಟ್ಟು ಬೇಕು ಅನ್ನೋದು ತಪ್ಪು ತಿಳುವಳಿಕೆ, ದುಡ್ಡು ಕಟ್ಟಿದ್ರೆ ಸಾಕು. ವಿದುರ, ಸಾತ್ಯಕಿ ಇವರೆಲ್ಲ ಕಡಿಮೆ ಬಜೆಟ್ಟಿಗೆ ಸಿಗ್ತಾರೆ.

ಇದು ನಮ್ಮಪ್ಪನ ತಂಡದ ಹೋದ ವರ್ಷದ ರೇಟು. ಬೇರೆ ತಂಡದಲ್ಲಿ ಬೇರೆ ಇರುತ್ತೆ.

ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಅಂತ ಬಂದು ಹೆಬ್ಬಾಳ, ಆರ್‌ಟಿ ನಗರದಲ್ಲಿ ಪಿಜಿ ಹಿಡಿದಿರೋ ನನ್ನ ಸಹೋದ್ಯೋಗಿಗಳಿಗೆ ಇದನ್ನ ಹೇಳಿದಾಗ ಅವರು ನಂಬೋದಿಲ್ಲ. ಆದ್ರೆ ಅವರೂ ನೋಡಿರ್ತಾರೆ. ಕೋಗಿಲು ಕ್ರಾಸ್‌ನಲ್ಲೋ ಯಲಹಂಕ ಹಳೇ ಊರಿನ ಬಸ್‌ಸ್ಟಾಪಿನ ಹತ್ತಿರವೋ ಒಂದು ದೊಡ್ಡ ಫ್ಲೆಕ್ಸ್ ಇರುತ್ತೆ. ಮೇಲೆ 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಅಂತಲೋ 'ಶ್ರೀಕೃಷ್ಣ ಸಂಧಾನ' ಅಂತಲೋ ಕೆಂಪು ಅಕ್ಷರ. ಕೆಳಗೆ ಇಪ್ಪತ್ತು ಇಪ್ಪತ್ತೈದು ಗಂಡಸರ ಪಾಸ್‌ಪೋರ್ಟ್ ಫೋಟೋ, ಪ್ರತಿ ಫೋಟೋ ಕೆಳಗೆ ಹೆಸರು, ಊರು, ಪಾತ್ರ. ರಿಯಲ್ ಎಸ್ಟೇಟಿನವರು ದುರ್ಯೋಧನ, ನಿವೃತ್ತ ಮೇಷ್ಟ್ರು ಭೀಷ್ಮ, ಹಾಲಿನ ಡೇರಿ ಕಾರ್ಯದರ್ಶಿ ಶಕುನಿ. ಟ್ರಾಫಿಕ್ಕಿನಲ್ಲಿ ನಿಂತಾಗ ಅದನ್ನ ಚುನಾವಣೆ ಫ್ಲೆಕ್ಸ್ ಅಂದ್ಕೊಂಡು ಮುಂದೆ ಹೋಗಿರ್ತೀರಿ.

ಹೋದ ವರ್ಷ ಆ ಫ್ಲೆಕ್ಸಿನಲ್ಲಿ ಎರಡನೇ ಸಾಲು, ಎಡದಿಂದ ಮೂರನೆಯವರು ನಮ್ಮಪ್ಪ.

ಅಪ್ಪ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆಗಿ ಮೂರನೇ ತಿಂಗಳಿಗೆ ಬೆಳಿಗ್ಗೆ ವಾಕಿಂಗ್ ಹೋಗೋ ಗೆಳೆಯರ ಜೊತೆ ಸೇರಿ ಒಂದು ಶೆಡ್ಡಿನಲ್ಲಿ ಪ್ರಾಕ್ಟೀಸಿಗೆ ಕೂತುಬಿಟ್ರು. ಅಲ್ಲಿ ಒಬ್ಬ ಹಾರ್ಮೋನಿಯಂ ಮೇಷ್ಟ್ರು ವಾರಕ್ಕೆ ಮೂರು ಸಂಜೆ ಬಂದು ಪದ್ಯ ಹೇಳಿಕೊಡ್ತಾರೆ. ಆರು ತಿಂಗಳು ನಮ್ಮ ಮನೆ ಬಚ್ಚಲಲ್ಲಿ, ಟೆರೇಸಲ್ಲಿ, ಸ್ಕೂಟರ್ ಮೇಲೆ ಬರೀ ಕರ್ಣ. ಅದೇ ಟೆರೇಸಿನ ನೀರು ಮಳೆಗಾಲದಲ್ಲಿ ನನ್ನ ರೂಮಿಗೆ ಸೋರುತ್ತೆ. ಅದರ ವಾಟರ್‌ಪ್ರೂಫಿಂಗಿಗೆ ತಂದ ಎಸ್ಟಿಮೇಟು 70 ಸಾವಿರ. ಪಾತ್ರಕ್ಕೆ 35, ಜೊತೆಗೆ ನೆಂಟರ ಊಟ, ಫೋಟೋ, ವಿಡಿಯೋ, ಮೇಷ್ಟ್ರಿಗೆ ಶಾಲು ಸೇರಿ ಅಪ್ಪನ ಖರ್ಚೂ ಹತ್ತಿರ ಹತ್ತಿರ ಅಷ್ಟೇ. ಅಮ್ಮ ಈ ಎರಡು ಲೆಕ್ಕಾನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಿದ್ರು. ಅಪ್ಪ ಅದರ ಮೇಲೇ ಮ್ಯಾಗ್ನೆಟ್ ಇಟ್ಟು ಪ್ರಾಕ್ಟೀಸಿನ ಟೈಮ್‌ಟೇಬಲ್ ಹಾಕಿದ್ರು.

ನಾನು ಈ ಜಗಳದಲ್ಲಿ ಯಾರ ಪಕ್ಷಾನೂ ವಹಿಸಲಿಲ್ಲ. ನನಗೆ ಬೇರೆಯೇ ಒಂದು ಪ್ರಶ್ನೆ ಹತ್ತಿಕೊಂಡಿತ್ತು. ನಾಟಕ ಅಂದ್ರೆ ನೋಡೋರು ದುಡ್ಡು ಕೊಡಬೇಕು, ಆಡೋರು ತಗೋಬೇಕು. ಇದು ಯಾವಾಗ ತಲೆಕೆಳಗಾಯ್ತು?

ಇದಕ್ಕೆ ಉತ್ತರ ಬೇಕಂದ್ರೆ ಯಶವಂತಪುರದಲ್ಲಿ ರೈಲು ಹತ್ತಿ ತುಮಕೂರು ದಾಟಿ ಗುಬ್ಬಿಗೆ ಹೋಗಬೇಕು. ಬೆಂಗಳೂರಿಂದ ತುಮಕೂರಿಗೆ ಮೀಟರ್ ಗೇಜ್ ರೈಲು ಶುರುವಾಗಿದ್ದು 1884ರಲ್ಲಿ. ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮತ್ತವರ ಗೆಳೆಯರು ಸೇರಿ ಚನ್ನಬಸವೇಶ್ವರ ಸ್ವಾಮಿ ಹೆಸರಲ್ಲಿ ನಾಟಕ ಸಂಘ ಕಟ್ಟಿದ್ದೂ ಅದೇ 1884ರಲ್ಲಿ. ಇದು ಕಾಕತಾಳೀಯ ಇರಬಹುದು, ಆದ್ರೆ ನನಗೆ ಇಷ್ಟವಾದ ಕಾಕತಾಳೀಯ. ಯಾಕಂದ್ರೆ ಕಂಪನಿ ನಾಟಕ ಅನ್ನೋದು ರೈಲಿನ ಕಲೆ. ಪರದೆ, ಪೆಟ್ಟಿಗೆ, ಕಿರೀಟ, ಅಡುಗೆ ಪಾತ್ರೆ, ಹೆಂಡತಿ, ಮಕ್ಕಳು, ಎಲ್ಲವನ್ನೂ ವ್ಯಾಗನ್ನಿಗೆ ತುಂಬಿ ಇನ್ನೊಂದೂರಿಗೆ ಹೋಗಿ ಇಳಿಸೋದು ಎತ್ತಿನ ಗಾಡಿ ಕಾಲದಲ್ಲಿ ಆಗ್ತಿರಲಿಲ್ಲ.

ಆ ಕಂಪನಿಗೆ ಆರು ವರ್ಷದ ಹುಡುಗನಾಗಿ ಸೇರಿದವರು 1891ರಲ್ಲಿ ಹುಟ್ಟಿದ ವೀರಣ್ಣ. 1917ರ ಹೊತ್ತಿಗೆ ಕಂಪನಿ ಅವರದ್ದೇ ಆಯ್ತು. ಮುಂದಿನ ನಾಲ್ಕು ದಶಕ ದಕ್ಷಿಣ ಭಾರತದಲ್ಲಿ ಗುಬ್ಬಿ ಕಂಪನಿ ಊರಿಗೆ ಬಂತು ಅಂದ್ರೆ ಅದು ಜಾತ್ರೆ. 1934ರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ. ಅದನ್ನ ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯ. ಮುಂದೆ 'ಕ್ರಾಂತಿಕಲ್ಯಾಣ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅವರೇ. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ವೀರಣ್ಣ ಬಂದು ನಿಂತ್ರೆ ಮಾತು ಆಡೋಕೆ ಮುಂಚೆಯೇ ಜನ ನಗ್ತಿದ್ರಂತೆ. ಹೆಣ್ಣು ಪಾತ್ರ ಗಂಡಸರೇ ಮಾಡ್ತಿದ್ದ ಕಾಲದಲ್ಲಿ ಹೆಂಗಸರನ್ನ ರಂಗದ ಮೇಲೆ ತಂದು, ಅವರ ಹೆಸರಿಗೇ ಟಿಕೆಟ್ ಹೋಗೋ ಹಾಗೆ ಮಾಡಿದ ಕಂಪನಿ ಅದು. ಬಿ. ಜಯಮ್ಮನವರ ಹಾಡು ಕೇಳೋಕೇ ಜನ ಬರ್ತಿದ್ರು.

ಈಗ ಒಂದು ಸೀಸನ್ನು ಹೇಗೆ ನಡೀತಿತ್ತು ಅಂತ ಕಲ್ಪಿಸ್ಕೊಳ್ಳಿ. ಕಂಪನಿಯ ಮ್ಯಾನೇಜರು ಮೊದಲು ಊರಿಗೆ ಬಂದು ಬಯಲು ನೋಡ್ತಾನೆ. ಬಿದಿರು, ಗರಿ, ತಗಡು ಹಾಕಿ ಥಿಯೇಟರ್ ಏಳುತ್ತೆ. ನೆಲ, ಬೆಂಚು, ಕುರ್ಚಿ, ಹೆಂಗಸರಿಗೆ ಒಂದು ಪಕ್ಕ. ಸಂಜೆ ಗಾಡಿ ಮೇಲೆ ತಮಟೆ ಹೊಡೆಸಿಕೊಂಡು ಬಣ್ಣದ ಹ್ಯಾಂಡ್‌ಬಿಲ್ ಎಸೀತಾ ಹೋಗ್ತಾರೆ. ರಾತ್ರಿ ಒಂಬತ್ತೂವರೆಗೆ ಬೆಲ್, ಎಲ್ಲರೂ ಸೇರಿ ನಾಂದಿ, ಆಮೇಲೆ ಪರದೆ ಏಳುತ್ತೆ. ಮುಂದಿನ ತಗ್ಗಿನಲ್ಲಿ ಕಾಲು ಹಾರ್ಮೋನಿಯಂ, ತಬಲ. ಮೈಕು ಇಲ್ಲ. ಹಿಂದಿನ ಬೆಂಚಿಗೂ ಕೇಳೋ ಹಾಗೆ ಹಾಡಬೇಕು. ಹಾಡು ಹಿಡಿಸಿದ್ರೆ 'ಒನ್ಸ್ ಮೋರ್' ಕೂಗು, ಸತ್ತು ಬಿದ್ದ ಅಭಿಮನ್ಯು ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು.

ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆ ಕಾಣೋದು ರಸ್ತೆ ಸೀನಿನಲ್ಲಿ. ದರ್ಬಾರ್ ಸೀನು ಮುಗಿದು ಕಾಡಿನ ಸೀನು ಬರಬೇಕು ಅಂದ್ರೆ ಹಿಂದೆ ಸಿಂಹಾಸನ ಎತ್ತಬೇಕು, ಮರ ತಂದು ನಿಲ್ಲಿಸಬೇಕು. ಅಷ್ಟು ಹೊತ್ತು ಜನ ಸುಮ್ಮನೆ ಕೂತ್ರೆ ಬೀಡಿ ಸೇದೋಕೆ ಎದ್ದು ಹೋಗ್ತಾರೆ. ಅದಕ್ಕೆ ಎಲ್ಲಕ್ಕಿಂತ ಮುಂದೆ ಬೀದಿಯ ಚಿತ್ರ ಇರೋ ಒಂದು ಪರದೆ ಇಳಿಸಿ, ಅದರ ಮುಂದೆ ಹಾಸ್ಯದವರನ್ನ ಬಿಡ್ತಾರೆ. ಅವರು ಕಥೆಗೆ ಸಂಬಂಧ ಇಲ್ಲದ ಗಂಡ ಹೆಂಡಿರ ಜಗಳ ಆಡ್ತಾ, ಊರಿನ ಸಾಹುಕಾರನ್ನ ಕಾಲೆಳೀತಾ ಹತ್ತು ನಿಮಿಷ ತಳ್ತಾರೆ. ಹಿಂದೆ ಕಾಡು ತಯಾರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳ್ಬೇಕಂದ್ರೆ ಸರ್ವರ್ ಲೋಡ್ ಆಗೋವರೆಗೆ ತೋರಿಸೋ ಸ್ಕ್ರೀನು. ಜನ ಆ ಸ್ಕ್ರೀನನ್ನೇ ನೋಡೋಕೆ ಬರೋ ಹಾಗೆ ಮಾಡಿದ್ದು ನಮ್ಮ ಹಾಸ್ಯನಟರ ಕೈಚಳಕ.

ಇದನ್ನೆಲ್ಲ ನಾನು ಒಮ್ಮೆ ನಮ್ಮ ಯುಕೆ ಕ್ಲೈಂಟ್ ಒಬ್ಬರಿಗೆ ವಿವರಿಸಬೇಕಾಗಿ ಬಂತು. ಶುಕ್ರವಾರದ ಕಾಲ್, ಬೇರೆ ಯಾರೂ ಇನ್ನೂ ಸೇರಿರಲಿಲ್ಲ. ವೀಕೆಂಡ್ ಏನು ಅಂತ ಕೇಳಿದ್ರು. ಅಪ್ಪನ ನಾಟಕದ ಪ್ರಾಕ್ಟೀಸ್ ಅಂದೆ. ಎಂಥ ನಾಟಕ ಅಂದ್ರು. ರಾಜರು, ಯುದ್ಧ, ಬಣ್ಣದ ಪರದೆ, ಸಾಯೋ ಮುಂಚೆ ಐದು ನಿಮಿಷ ಹಾಡ್ತಾರೆ ಅಂದೆ. ಅವರು ತಕ್ಷಣ, ಅಯ್ಯೋ ಅದು ಒಪೆರಾ ಅಲ್ವಾ ಅಂದ್ರು. ಅವರ ತಾಯಿ ಹುಡುಗಿಯಾಗಿದ್ದಾಗ, 1950ರಲ್ಲಿ, ಮಿಲಾನಿನ ಲಾ ಸ್ಕಾಲಾ ಕಂಪನಿ ಲಂಡನ್ನಿನ ಕವೆಂಟ್ ಗಾರ್ಡನ್‌ಗೆ ಬಂದಿತ್ತಂತೆ. ಅಗ್ಗದ ಟಿಕೆಟ್ಟಿಗೆ ಕ್ಯೂ ನಿಂತು, ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಿದ್ದನ್ನ ಸಾಯೋವರೆಗೂ ಹೇಳ್ತಿದ್ರಂತೆ.

ಆ ಕಾಲ್ ಮುಗಿದ್ಮೇಲೆ ನಾನು ಒಂದಿಷ್ಟು ಓದಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕವೆಂಟ್ ಗಾರ್ಡನ್ ಒಪೆರಾ ಮನೆ ಡಾನ್ಸ್ ಹಾಲ್ ಆಗಿತ್ತು. ಯುದ್ಧ ಮುಗಿದು 1946ರಲ್ಲಿ ಮತ್ತೆ ತೆರೆದಾಗ ಅದೇ ವರ್ಷ ನೇಪಲ್ಸಿನ ಸ್ಯಾನ್ ಕಾರ್ಲೊ ಕಂಪನಿ ಬಂತು. ಯೋಚನೆ ಮಾಡಿ, ಎರಡು ಮೂರು ವರ್ಷದ ಹಿಂದೆ ಪರಸ್ಪರ ಗುಂಡು ಹಾರಿಸಿದ ದೇಶಗಳು. ಬ್ರಿಟನ್ನಿನಲ್ಲಿ ಇನ್ನೂ ರೇಷನ್. ಸೋತ ಇಟಲಿಯವರು ಬಂದು ಹಾಡಿದ್ರು, ಗೆದ್ದ ಇಂಗ್ಲಿಷರು ಅರ್ಥವಾಗದ ಭಾಷೆಯಲ್ಲಿ ಕೂತು ಕೇಳಿದ್ರು.

ಅರ್ಥವಾಗದ ಭಾಷೆ ಅಂದಾಗ ನನಗೆ ಗುಬ್ಬಿ ಕಂಪನಿಯೇ ನೆನಪಾಗೋದು. ಅವರು ಮದರಾಸಿಗೆ, ಆಂಧ್ರಕ್ಕೆ ಹೋದಾಗ ತಮಿಳು, ತೆಲುಗಿನಲ್ಲೂ ನಾಟಕ ಆಡಿದ್ರು. ಇಟಲಿಯವರು ಹೋದಲ್ಲೆಲ್ಲ ಇಟಾಲಿಯನ್ನಿನಲ್ಲೇ ಹಾಡಿದ್ರು. ನಮ್ಮವರಿಗೆ ಆ ಗತ್ತು ಇರಲಿಲ್ಲ, ಇದ್ದಿದ್ರೆ ಹೊಟ್ಟೆಗೆ ಬೀಳ್ತಿರಲಿಲ್ಲ. ಭಾಷೆ ಕಲಿಯೋದು ಅವರಿಗೆ ಹಮ್ಮೂ ಅಲ್ಲ, ಉದಾರತೆಯೂ ಅಲ್ಲ, ಮುಂದಿನ ಕ್ಯಾಂಪಿನ ಊಟ.

ಹಾಗೆ ನೋಡಿದ್ರೆ ಒಪೆರಾಗೂ ಕಂಪನಿ ನಾಟಕಕ್ಕೂ ದೂರದ ನೆಂಟಸ್ತನ ನಿಜವಾಗಿಯೂ ಇದೆ. ರಂಗಕ್ಕೆ ಚೌಕಟ್ಟು ಕಟ್ಟಿ, ಒಳಗೆ ಬಣ್ಣದ ಪರದೆ ಒಂದರ ಹಿಂದೊಂದು ಇಳಿಬಿಟ್ಟು ಆಳ ತೋರಿಸೋ ಪದ್ಧತಿ ಬೆಳೆದದ್ದು ಇಟಲಿಯಲ್ಲಿ, ನಾನೂರು ವರ್ಷದ ಹಿಂದೆ. ಅದು ಯುರೋಪೆಲ್ಲ ಹರಡಿ, ಇಂಗ್ಲಿಷರ ಜೊತೆ ಬೊಂಬಾಯಿಗೆ ಬಂತು. ಅಲ್ಲಿ ಪಾರ್ಸಿ ಕಂಪನಿಗಳು ಅದನ್ನ ಹಿಡ್ಕೊಂಡವು. ಪಾರ್ಸಿಯವರು ಊರೂರು ಸುತ್ತುತ್ತಾ ಮೈಸೂರಿಗೂ ಬಂದ್ರು. ಅದನ್ನ ನೋಡಿ ನಮ್ಮವರೂ ಕಟ್ಟಿದ್ರು. ಯಲಹಂಕದ ಅಂಬೇಡ್ಕರ್ ಭವನದಲ್ಲಿ ಅಪ್ಪನ ಹಿಂದೆ ಇಳಿಬಿಟ್ಟಿದ್ದ ಹಸ್ತಿನಾವತಿಯ ಪರದೆಯಲ್ಲಿ ಕಮಾನುಗಳು ಹಿಂದೆ ಹಿಂದೆ ಚಿಕ್ಕದಾಗ್ತಾ ಹೋಗ್ತಿದ್ವಲ್ಲ, ಅದು ಇಟಲಿಯ ಉಪಾಯ.

ನೆಂಟಸ್ತನ ಇಷ್ಟಕ್ಕೇ ನಿಲ್ಲುತ್ತೆ, ಯಾಕಂದ್ರೆ ಮುಂದಿನದು ದುಡ್ಡಿನ ವಿಷಯ. ಬ್ರಿಟನ್ನಿನಲ್ಲಿ 1946ರಲ್ಲೇ ಆರ್ಟ್ಸ್ ಕೌನ್ಸಿಲ್ ಶುರುವಾಗಿ ಕವೆಂಟ್ ಗಾರ್ಡನ್ನಿಗೆ ಸರ್ಕಾರದ ದುಡ್ಡು ಬರತೊಡಗಿತು. ಟಿಕೆಟ್ಟಿನಿಂದ ಒಪೆರಾ ಬದುಕೋದಿಲ್ಲ ಅಂತ ಅವರು ಒಪ್ಪಿಕೊಂಡ್ರು. ನಮ್ಮಲ್ಲಿ ಕಂಪನಿಗಳಿಗೆ ಟಿಕೆಟ್ಟೇ ಗತಿ. ವೀರಣ್ಣನವರಿಗೆ ಮೈಸೂರು ಅರಸರಿಂದ 'ನಾಟಕ ರತ್ನ' ಬಿರುದು ಬಂತು, 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡ್ರು. ಆದ್ರೆ ಬಿರುದಿನಿಂದ ಆನೆಗೆ ಹುಲ್ಲು ಬರೋದಿಲ್ಲ. ಆನೆ ತಂದದ್ದೇ ಟಿಕೆಟ್ ಮಾರೋಕೆ. ಆಮೇಲೆ ಸಿನಿಮಾ ಬಂದು ಆನೆಯನ್ನ ನಾಲ್ಕಾಣೆಗೆ ತೋರಿಸೋಕೆ ಶುರು ಮಾಡಿತು. ಅದನ್ನ ವೀರಣ್ಣನವರಿಗಿಂತ ಮೊದಲು ಕಂಡುಕೊಂಡವರು ಕಡಿಮೆ. ಮೂಕಿ ಚಿತ್ರದ ಕಾಲದಿಂದಲೇ ಅವರು ಸಿನಿಮಾಗೆ ಕೈ ಹಾಕಿದ್ರು. 1954ರ 'ಬೇಡರ ಕಣ್ಣಪ್ಪ' ಅವರ ಸಂಸ್ಥೆ ಎವಿಎಂ ಜೊತೆ ಸೇರಿ ಮಾಡಿದ ಚಿತ್ರ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಅದರಲ್ಲಿದ್ರು, ಮೂವರೂ ಕಂಪನಿಯ ಅನ್ನ ಉಂಡವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರೇ. ಬಿ.ವಿ. ಕಾರಂತರು ಮನೆ ಬಿಟ್ಟು ಓಡಿ ಬಂದು ಸೇರಿದ್ದೂ ಅಲ್ಲಿಗೇ. ಅವರನ್ನ ಕಾಶಿಗೆ ಓದೋಕೆ ಕಳಿಸಿದವರೂ ವೀರಣ್ಣನವರೇ. ಅಂದ್ರೆ ಇಡೀ ಕನ್ನಡ ಸಿನಿಮಾ ಮತ್ತು ಅರ್ಧ ಆಧುನಿಕ ರಂಗಭೂಮಿ ಆ ತಗಡಿನ ಥಿಯೇಟರಿನ ಹಿಂಬಾಗಿಲಿಂದ ಹೊರಗೆ ಬಂದದ್ದು.

ಅಪ್ಪ ಈ ಕಥೆಯನ್ನೆಲ್ಲ ಉಬ್ಬಿ ಉಬ್ಬಿ ಹೇಳ್ತಾರೆ. ಆದ್ರೆ ಅಜ್ಜಿ ಎದುರಿಗೆ ಹೇಳೋದಿಲ್ಲ.

ಅಜ್ಜಿ, ಅಂದ್ರೆ ಅಪ್ಪನ ಅಮ್ಮ. ವಯಸ್ಸು ಎಂಬತ್ತರ ಮೇಲೆ. ನಮ್ಮ ತಾತ ಹದಿನಾಲ್ಕನೇ ವಯಸ್ಸಿಗೆ ಕಂಪನಿಯ ನಾಟಕ ನೋಡಿ, ಊರು ಬಿಟ್ಟು ಹೋದವರು. ದೊಡ್ಡ ಕಂಪನಿಯಲ್ಲಿ ಜಾಗ ಸಿಗಲಿಲ್ಲ. ಯಾರಿಗೂ ಈಗ ನೆನಪಿಲ್ಲದ ಒಂದು ಸಣ್ಣ ಕಂಪನಿಯಲ್ಲಿ ಪರದೆ ಎಳೆಯೋ ಹುಡುಗನಾಗಿ ಸೇರಿ, ಆಮೇಲೆ ಸೈನಿಕ, ಆಮೇಲೆ ದೂತ, ಕೊನೆಕೊನೆಗೆ ಒಂದೆರಡು ಸೀಸನ್ ಕರ್ಣ. ಅಜ್ಜಿಯನ್ನ ಮದುವೆಯಾದಾಗ ಅವಳಿಗೆ ಹದಿನೈದು. ನಾಟಕದೋರಿಗೆ ಹೆಣ್ಣು ಕೊಡಬಾರ್ದು ಅಂತ ಅವರಪ್ಪನಿಗೆ ಹತ್ತು ಜನ ಹೇಳಿದ್ರಂತೆ. ಬೇಸಾಯಗಾರ ಅಂತ ಸುಳ್ಳು ಹೇಳಿ ಮದುವೆ ಮಾಡಿದ್ರು.

'ವರ್ಷಕ್ಕೆ ಎರಡು ಸಲ ಬರೋರು ಕಣೇ. ಮಳೆ ಹಿಡಿದಾಗ ಒಂದ್ಸಲ, ಮಗು ಹುಟ್ಟಿದಾಗ ಒಂದ್ಸಲ' ಅಂತಾಳೆ ಅಜ್ಜಿ.

ಮಳೆ ಹಿಡಿದ್ರೆ ಥಿಯೇಟರ್ ಸೋರುತ್ತೆ, ಜನ ಬರೋದಿಲ್ಲ, ಕಲೆಕ್ಷನ್ ಇಲ್ಲ, ಸಂಬಳ ಇಲ್ಲ. ದೊಡ್ಡ ಪಾತ್ರದವರಿಗೆ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಕೋತಾರೆ, ಯಾಕಂದ್ರೆ ಅವರು ಇನ್ನೊಂದು ಕಂಪನಿಗೆ ಹಾರಿಬಿಡಬಹುದು. ದೂತನನ್ನ ಯಾರು ಹಿಡಿದಿಟ್ಕೋತಾರೆ? ಅವನಿಗೆ ಎರಡು ಹೊತ್ತು ಕಂಪನಿಯ ಊಟ, 'ಮುಂದಿನ ಕ್ಯಾಂಪಿನಲ್ಲಿ ನೋಡೋಣ' ಅನ್ನೋ ಮಾತು. ತಾತ ಊರಿಗೆ ಕಾಗದ ಬರೀತಿದ್ರು. ಅಜ್ಜಿಗೆ ಓದು ಬಾರದು, ಮೇಷ್ಟ್ರ ಹತ್ತಿರ ಓದಿಸ್ತಿದ್ಲು. ಮುಂದಿನ ತಿಂಗಳು ಮನಿಯಾರ್ಡರ್ ಬರುತ್ತೆ ಅಂತ ಪ್ರತಿ ಕಾಗದದಲ್ಲೂ ಇರ್ತಿತ್ತು. 'ನಿಮ್ಮ ತಾತನ ಸಂಬಳ ಬರ್ತಿದ್ದದ್ದು ಕಾಗದದಲ್ಲಿ ಮಾತ್ರ' ಅಂತ ಅವಳು ಹೇಳೋದು ಈಗ ನಮ್ಮ ಮನೆಯ ಗಾದೆ. ಆಫೀಸಿನಲ್ಲಿ ಅಪ್ರೈಸಲ್ ಮುಗಿಸಿ ಬಂದಾಗೆಲ್ಲ ನಾನು ಅದನ್ನ ಬಳಸ್ತೀನಿ.

ಆದ್ರೆ ಆ ಗಾದೆಯ ಹಿಂದೆ ಇರೋದು ನಗೋ ವಿಷಯ ಅಲ್ಲ. ಅಪ್ಪನಿಗಿಂತ ಮೊದಲು ಹುಟ್ಟಿದ ಒಂದು ಹೆಣ್ಣು ಮಗು ಎರಡು ವರ್ಷಕ್ಕೆ ಜ್ವರ ಬಂದು ಹೋಯ್ತು. ಡಾಕ್ಟರ ಹತ್ತಿರ ಹೋಗೋಕೆ ಬಸ್ ಚಾರ್ಜಿಗೂ ದುಡ್ಡಿರಲಿಲ್ಲ ಅಂತ ಅಜ್ಜಿ ಒಂದೇ ಸಲ ಹೇಳಿದಾಳೆ. ಆ ರಾತ್ರಿ ತಾತ ಎಲ್ಲೋ ಯಾವುದೋ ಊರಲ್ಲಿ ಕರ್ಣನಾಗಿ ಕವಚ ಕುಂಡಲ ದಾನ ಮಾಡ್ತಿದ್ರು. ದಾನಶೂರ ಕರ್ಣ ಅನ್ನೋ ಮಾತನ್ನ ನಮ್ಮ ಮನೆಯಲ್ಲಿ ಯಾರೂ ಅಜ್ಜಿ ಮುಂದೆ ಆಡೋದಿಲ್ಲ.

ಅಪ್ಪ ಅದೇ ಪಾತ್ರ ಯಾಕೆ ತಗೊಂಡ್ರು ಅಂತ ನಾನು ಕೇಳಿದೆ. 'ನಮ್ಮಪ್ಪ ಮಾಡಿದ್ದು. ನಾನು ನೋಡಿಲ್ಲ' ಅಂದ್ರು. ಅಷ್ಟೇ. ಅಪ್ಪನಿಗೆ ಬುದ್ಧಿ ಬರೋ ಹೊತ್ತಿಗೆ ಕಂಪನಿ ಮುಚ್ಚಿ, ತಾತ ಊರಿಗೆ ಬಂದು ಬೇರೆಯವರ ಹೊಲದಲ್ಲಿ ದುಡೀತಿದ್ರು. ಹಾಡ್ತಿರಲಿಲ್ಲ.

ನಾಟಕ ಡಿಸೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಶುರು, ರಾತ್ರಿ ಒಂಬತ್ತರವರೆಗೆ. ನಾವು ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಸೀಸನ್ ಒಂದೇ ದಿನ ನೋಡಿದ್ದಕ್ಕೆ ಬೀಗ್ತೀವಲ್ಲ, ಇಲ್ಲಿ ಅರವತ್ತು ವರ್ಷದವರು ಒಂದೇ ದಿನ ಆಡಿ ಮುಗಿಸ್ತಾರೆ. ಪ್ರತಿ ಪಾತ್ರ ಬಂದಾಗಲೂ ಅವನ ಊರಿನವರ ಶಿಳ್ಳೆ. ನೆಂಟರು ರಂಗದ ಮೇಲೇ ಹತ್ತಿ ಶಾಲು ಹೊದಿಸಿ, ಪೇಟ ತೊಡಿಸಿ, ನೋಟಿನ ಹಾರ ಹಾಕ್ತಾರೆ. ಅಷ್ಟು ಹೊತ್ತು ಯುದ್ಧ ನಿಂತಿರುತ್ತೆ. ಶಕುನಿಯ ಮೊಮ್ಮಗ ಹೋಗಿ ತಾತನ ಕಾಲು ಹಿಡ್ಕೊಂಡ, ಬಿಡಲಿಲ್ಲ. ಶಕುನಿ ಅವನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ದಾಳ ಉರುಳಿಸಿದ್ರು. ಆರ್‌ಟಿ ನಗರದಿಂದ ಬಂದಿದ್ದ ನನ್ನ ಇಬ್ಬರು ಸಹೋದ್ಯೋಗಿಗಳು ಒಂದು ಗಂಟೆ ಇದ್ದು ಹೋಗ್ತೀವಿ ಅಂದವರು ಬಿಸಿಬೇಳೆಬಾತ್ ತಿಂದು ಸಂಜೆ ಆರರವರೆಗೆ ಕೂತಿದ್ರು.

ಅಷ್ಟು ಜನರ ಮಧ್ಯೆ ದುಡ್ಡು ಕಟ್ಟದೆ, ದುಡ್ಡು ತಗೊಂಡು ಆಡ್ತಿದ್ದವರು ಕೆಲವರೇ. ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಮೇಕಪ್ಪಿನವರು, ಡ್ರಾಮಾ ಸೀನರಿ ಬಾಡಿಗೆಗೆ ತಂದವರು, ಆಮೇಲೆ ಮೂರು ಜನ ಹೆಂಗಸರು. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಗಳಿಗೆ ಈ ತಂಡಗಳು ವೃತ್ತಿ ಕಲಾವಿದೆಯರನ್ನ ಕರೆಸ್ತವೆ. ಅವರು ಇವತ್ತು ಯಲಹಂಕ, ನಾಳೆ ನೆಲಮಂಗಲ, ನಾಳಿದ್ದು ತಿಪಟೂರು ಅಂತ ಸುತ್ತುತ್ತಾ ಇರ್ತಾರೆ. ಕಂಪನಿ ಅನ್ನೋದು ಮುರಿದು ಚೂರಾಗಿ ಬಿದ್ದಾಗ ಉಳಿದ ಚೂರುಗಳು ಇವರು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ. ನೋಡೋರು ಕೊಡೋದು ನಿಲ್ಲಿಸಿದ್ಮೇಲೆ, ಆಡೋ ಹುಚ್ಚಿರೋ ಡೇರಿ ಕಾರ್ಯದರ್ಶಿಗಳೂ ರಿಟೈರ್ಡ್ ನೌಕರರೂ ಕೊಡೋಕೆ ಶುರು ಮಾಡಿದ್ರು. ಇಂಗ್ಲೆಂಡಿನಲ್ಲಿ ಆರ್ಟ್ಸ್ ಕೌನ್ಸಿಲ್ ಮಾಡೋ ಕೆಲಸವನ್ನ ಇಲ್ಲಿ ಅವರ ಪಿಎಫ್ ದುಡ್ಡು ಮಾಡ್ತಿದೆ. ಅಮ್ಮನ ಟೆರೇಸೂ ಅದಕ್ಕೆ ಪಾಲು ಕೊಟ್ಟಿದೆ.

ಸಂಜೆ ಏಳರ ಹೊತ್ತಿಗೆ ಕರ್ಣ ಕುಂತಿಯರ ಸೀನು. ನನ್ನಪ್ಪ ಮುಖಕ್ಕೆ ಗುಲಾಬಿ ಬಣ್ಣ ಬಳ್ಕೊಂಡು, ಹೊಟ್ಟೆ ಮೇಲೆ ಹೊಳೆಯೋ ಕವಚ ಕಟ್ಕೊಂಡು ನಿಂತಿದ್ರು. ಎದುರಿಗೆ ನಲವತ್ತು ದಾಟದ ಕುಂತಿ. ಅವಳ ಮಗನಿಗೆ ಅರವತ್ತು. ಮೊದಲ ಐದು ನಿಮಿಷ ನನಗೆ ನಗು ತಡೆಯೋಕಾಗಲಿಲ್ಲ. ಆಮೇಲೆ ಆಕೆ ಹಾಡಿದ್ರು. ಮೈಕು ಕೈಕೊಟ್ಟಿತ್ತು. ಆಕೆಗೆ ಅದು ಗೊತ್ತೇ ಆಗದ ಹಾಗೆ ಹಾಡಿದ್ರು. ಹಿಂದಿನ ಕುರ್ಚಿಯಲ್ಲಿದ್ದ ಹುಡುಗರು ಮೊಬೈಲ್ ಕೆಳಗಿಟ್ರು.

ನಾಟಕ ಮುಗಿದಾಗ ಆಕೆ ಯಶವಂತಪುರಕ್ಕೆ ಯಾರಾದ್ರೂ ಬಿಡ್ತೀರಾ ಅಂತ ಕೇಳ್ತಿದ್ರು. ಹುಬ್ಬಳ್ಳಿ ಕಡೆಗೆ ಹೋಗೋ ರಾತ್ರಿ ಗಾಡಿ ಹಿಡಿದು ತಿಪಟೂರಿಗೆ ಹೋಗಬೇಕಿತ್ತು, ಮಾರನೆಯ ದಿನ ಅಲ್ಲಿ ದ್ರೌಪದಿ. ನಾನು ಕಾರು ತೆಗೆದೆ. ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್ ಮೇಲೆ ಹೋದ್ವಿ. ಆಕೆ ವ್ಯಾನಿಟಿ ಬ್ಯಾಗಿನಿಂದ ಕೊಬ್ಬರಿ ಎಣ್ಣೆ ತೆಗೆದು ಹತ್ತಿಗೆ ಹಾಕಿ ಮುಖದ ಬಣ್ಣ ಒರೆಸ್ಕೊಂಡ್ರು. ಆಮೇಲೆ ಕವರ್ ತೆಗೆದು ನೋಟು ಎಣಿಸಿದ್ರು, ಎರಡು ಸಲ. ಅವರ ಅಜ್ಜಿ ಕಂಪನಿಯಲ್ಲಿ ಹಾಡ್ತಿದ್ರಂತೆ, ಅಮ್ಮ ಜಾತ್ರೆ ನಾಟಕಗಳಲ್ಲಿ. ಮಗಳು ಬಿ.ಕಾಂ. ಓದ್ತಿದಾಳೆ. 'ಅವಳಿಗೆ ಇದು ಬ್ಯಾಡ ಅಂದಿದೀನಿ ಮೇಡಂ' ಅಂದ್ರು.

ಅಪ್ಪ ಹೇಗೆ ಮಾಡಿದ್ರು ಅಂತ ಕೇಳಿದೆ.

'ಶ್ರುತಿ ಎರಡು ಕಡೆ ಬಿಟ್ರು' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರೆ ನಾನು ಮಾತಾಡುವಾಗ ನನ್ನ ಮುಖ ನೋಡ್ತಿದ್ರು. ದುಡ್ಡು ಕಟ್ಟಿ ಬಂದೋರು ಜಾಸ್ತಿ ಜನ ಕ್ಯಾಮೆರಾ ನೋಡ್ತಾರೆ.'

ಸ್ಟೇಷನ್ನಿನಲ್ಲಿ ಕಿರೀಟದ ಟ್ರಂಕು ಇಳಿಸಿಕೊಟ್ಟೆ. ಆಕೆ ಅದನ್ನ ತಲೆ ಮೇಲೆ ಇಟ್ಕೊಂಡು ಮೆಟ್ಟಿಲು ಹತ್ತಿದ್ರು. ಆ ಗಾಡಿ ತುಮಕೂರು ದಾಟಿ ಗುಬ್ಬಿ ಮೇಲೇ ಹೋಗುತ್ತೆ.

ಅಜ್ಜಿ ನಾಟಕಕ್ಕೆ ಬರಲಿಲ್ಲ. ಕರೆಯೋಕೆ ಅಪ್ಪನಿಗೆ ಧೈರ್ಯ ಇರಲಿಲ್ಲ, ಕರೆದಿದ್ರೂ ಬರ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಅವರೆಕಾಳು ಹಿಸುಕ್ತಾ ಕೂತಿದ್ಲು. ಅಪ್ಪ ಗಂಟಲು ಕಟ್ಟಿ ಇನ್ನೂ ಮಲಗಿದ್ರು. ನಾನು ಕಾಫಿ ಹಿಡ್ಕೊಂಡು ಪಕ್ಕಕ್ಕೆ ಕೂತು, ನಾಟಕದ ವಿಡಿಯೋ ಇದೆ, ನೋಡ್ತೀಯಾ ಅಜ್ಜಿ ಅಂದೆ. ತಲೆ ಅಲ್ಲಾಡಿಸಿದ್ಲು, ಬೇಡ ಅಂತ. ಕಾಳು ಬಟ್ಟಲಿಗೆ ಬೀಳೋ ಸದ್ದು.

'ಕುಂತಿ ಪಾರ್ಟು ಯಾರು ಮಾಡಿದ್ದು?' ಅಂದ್ಲು.

ಹೊರಗಿನವರು ಅಜ್ಜಿ, ಇದೇ ಕೆಲಸ ಮಾಡೋರು ಅಂದೆ.

'ಅವಳಿಗೆ ದುಡ್ಡು ಕೊಟ್ರಾ?'

'ಕೊಟ್ರು. ಕೈಗೇ ಕೊಟ್ರು. ನನ್ನೆದುರಿಗೇ ಎಣಿಸ್ಕೊಂಡ್ರು.'

'ಪೂರ್ತಿನಾ?'

'ಪೂರ್ತಿ.'

'ಹೂಂ' ಅಂದು ಇನ್ನೊಂದು ಹಿಡಿ ಅವರೆ ತಗೊಂಡ್ಲು.